ಹಗ್ಗವಿಲ್ಲದ ಉಡ

ತಿಜಾನಿ ಹಾಜಿಯವರು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತು, ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಒತ್ತಿ ಹಿಡಿದು, "ಹಿಡೀರೋ ಅದನ್ನ! ಯಾರಾದ್ರೂ ಹಿಡೀರೋ!" ಎಂದು ಕೂಗುತ್ತಿದ್ದರು. ಹಿಡಿಯಬೇಕಾದ ಆಳುಗಳು ಅಷ್ಟರಲ್ಲಾಗಲೇ ಅಂಗಳದ ಆಚೆ ತುದಿ ಸೇರಿದ್ದರು. ಹಾಜಿಯವರಿಗೆ ತಂಗಿಯನ್ನು ಕೊಡಲು ಒಪ್ಪಿದ್ದ ಅಣ್ಣತಮ್ಮಂದಿರಿಬ್ಬರು ಒಂಟೆಯ ನೀರುತೊಟ್ಟಿಯ ಹಿಂದೆ ನಿಂತು, ನಗುವುದೋ ಬೇಡವೋ ತಿಳಿಯದೆ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಅಂಗಳದ ನಡುವೆ ಹಾಜಿಯವರ ಕೆಂಪು ಟೋಪಿ ಬಿದ್ದಿತ್ತು. ಅದರ ಪಕ್ಕದಲ್ಲಿ ಮೈಯುಬ್ಬಿಸಿಕೊಂಡು, ಬಾಲವನ್ನು ಬಾಗಿಸಿ ಬಿಗಿಹಿಡಿದುಕೊಂಡು ಲಲ್ಲಾ ನಿಂತಿತ್ತು. ಲಲ್ಲಾ ಎಂದು ನಮ್ಮಲ್ಲಿ ದೊಡ್ಡಮನೆಯ ಹೆಂಗಸರನ್ನು ಕರೆಯುವುದು. ಈ ಲಲ್ಲಾ ಮಾತ್ರ ಮರಳುಗಾಡಿನ ಒಂದು ಉಡ.

"ಕೂಗಬೇಡಿ ಹಾಜಿ. ಅವಳು ಹೆದರ್ಕೊಂಡಿದಾಳೆ," ಎಂದಳು ಸಾಲ್ಹಾ.

"ಯಾವಳು?"

"ಲಲ್ಲಾ."

"ಅದು ಹೆದರ್ಕೊಂಡಿದೆಯಾ? ನನಗೇನಾಯ್ತು ಅಂತ ನೋಡಿದ್ಯೇನೇ ನೀನು?"

"ನೋಡ್ದೆ. ಎಲ್ರೂ ನೋಡಿದ್ರು."

ಸಾಲ್ಹಾ ಹಾಜಿಯವರ ಪ್ರಾಣಿತೋಟದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವಳು. ಎತ್ತರದ ಆಳು, ದೊಡ್ಡ ಗಂಟಲು, ಮಾತಿನಲ್ಲಿ ಯಾರಿಗೂ ಒಂದಿಂಚು ಬಿಟ್ಟುಕೊಡದ ಹೆಂಗಸು. ಗಂಡನಿಗೂ ಬಿಟ್ಟುಕೊಡದೆ ತಲಾಖು ಪಡೆದು ಅಪ್ಪನ ಮನೆಗೆ ವಾಪಸು ಬಂದವಳು. ಯಾಕೆ ಬಂದೆ ಎಂದು ಕೇಳಿದವರಿಗೆ, "ಅಲ್ಲಿ ಸಾರಿಗೆ ಉಪ್ಪು ಕಡಿಮೆ ಹಾಕ್ತಿದ್ರು," ಎಂದು ಹೇಳಿ ಬಾಯಿ ಮುಚ್ಚಿಸಿದವಳು. ಅವಳು ಸೊಂಟದ ಡಬ್ಬಿಯಿಂದ ಮಾಂಸದ ಚೂರೊಂದನ್ನು ತೆಗೆದು, ಇನ್ನೊಂದು ಕೈಯಲ್ಲಿದ್ದ ಕೋಲನ್ನು ನೆಲದ ಹತ್ತಿರಕ್ಕೆ ಇಳಿಸಿದಳು. ಕೋಲಿನ ತುದಿಗೆ ಕಿತ್ತಳೆ ಗಾತ್ರದ ಒಂದು ಕೆಂಪು ಬಟ್ಟೆಯ ಉಂಡೆ. ಲಲ್ಲಾ ಉಸಿರು ಬಿಟ್ಟು ಮೈ ಇಳಿಸಿಕೊಂಡಿತು, ನಿಧಾನವಾಗಿ ನಡೆದು ಬಂದು ಉಂಡೆಗೆ ಮೂಗು ತಾಗಿಸಿ ಕಾದು ನಿಂತಿತು. ಸಾಲ್ಹಾ ಮಾಂಸ ಕೊಟ್ಟಳು. ಹಾಗೆಯೇ ಕೋಲು ಮುಂದೆ, ಉಡ ಹಿಂದೆ, ಇಬ್ಬರೂ ಬೇಲಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಗಿದ್ದು ಇಷ್ಟು. ಗೇಟು ತೆರೆಯುವ ಮೊದಲು ದಿನಾ ಬೆಳಿಗ್ಗೆ ಸಾಲ್ಹಾ ಲಲ್ಲಾಳನ್ನು ಅಂಗಳದಲ್ಲಿ ಅಡ್ಡಾಡಿಸುತ್ತಿದ್ದಳು. ಆ ಹೊತ್ತಿಗೆ ತೋಟದ ಕಡೆ ತಲೆ ಹಾಕದ ಹಾಜಿಯವರು ಅವತ್ತು ಹೆಣ್ಣಿನ ಅಣ್ಣತಮ್ಮಂದಿರಿಗೆ ತಮ್ಮ ಆಸ್ತಿ ತೋರಿಸಲು ಬಂದಿದ್ದರು. ಬೆಂಚಿನ ಮೇಲೆ ಕುಳಿತು, ಟೋಪಿಯನ್ನು ಮಂಡಿಯ ಮೇಲಿಟ್ಟು, ಬೋಳುತಲೆ ಒರೆಸಿಕೊಳ್ಳುತ್ತ ಖರ್ಜೂರದ ಫಸಲಿನ ಲೆಕ್ಕ ಹೇಳುತ್ತಿದ್ದರು. ಸಾಲ್ಹಾಳ ಹಿಂದೆ ಬರುತ್ತಿದ್ದ ಲಲ್ಲಾ ನಿಂತಿತು, ಸೀಳುನಾಲಿಗೆ ಚಾಚಿತು, ತಿರುಗಿತು. ದೊಡ್ಡ ಮನುಷ್ಯರ ಮನೆಗೆ ಹೋಗುವ ಗತ್ತಿನಲ್ಲಿ ನಡೆದುಹೋಗಿ ಹಾಜಿಯವರ ಮಂಡಿಯ ಮೇಲಿನ ಟೋಪಿಗೆ ಮೂಗು ತಾಗಿಸಿ, ಮಾಂಸಕ್ಕಾಗಿ ತಲೆಯೆತ್ತಿ ನೋಡಿತು. ಕಲಿಸಿದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿತ್ತು. ಹಾಜಿಯವರು ಮಾಂಸದ ಬದಲು ಒದೆ ಕೊಟ್ಟರು. ಆಮೇಲೆ ಬಾಲ ಬೀಸಿತು, ಬೀಳಬಾರದ ಜಾಗಕ್ಕೆ ಬಿತ್ತು.

ಮರಳುಗಾಡಿನ ಅಂಚಿನ ನಮ್ಮ ಜರೀದ್ ಸೀಮೆಯಲ್ಲಿ ಗಂಡಸರಿಗೆ ಚೇಳೆಂದರೆ ಅಷ್ಟು ಭಯವಿಲ್ಲ, ಕೊಂಬಿನ ಹಾವೆಂದರೂ ಅಷ್ಟಕ್ಕಷ್ಟೇ. ಆದರೆ ಉಡದ ಬಾಲ ಸೊಂಟದ ಕೆಳಗೆ ತಾಗಿದರೆ ಆ ಗಂಡಸಿನ ಕಥೆ ಮುಗಿಯಿತು ಎಂಬ ಮಾತು ತೊಟ್ಟಿಲಲ್ಲೇ ಕಿವಿಗೆ ಬಿದ್ದಿರುತ್ತದೆ. ಅದನ್ನೆಲ್ಲ ನಂಬುವುದಿಲ್ಲ ಎನ್ನುವ ಶಾಲೆಯ ಮೇಷ್ಟರು ಕೂಡ ಉಡ ಕಂಡರೆ ಪುಸ್ತಕದ ಚೀಲವನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಮದ್ದೂ ಎಲ್ಲರಿಗೂ ಗೊತ್ತು. ಹೊಡೆದ ಉಡದ ತಲೆಯನ್ನೇ ಕಡಿದು, ಒಣಗಿಸಿ, ಮದುವೆಯ ಕೋಣೆಯ ಹೊಸ್ತಿಲ ಕೆಳಗೆ ಹೂಳಬೇಕು. ಹೆಂಡತಿ ತೀರಿಕೊಂಡ ಮೇಲೆ ಬಹಳ ಯೋಚಿಸಿ ಹಾಜಿಯವರು ನಫ್ತಾದ ಕಡೆಯ ಒಂದು ಹೆಣ್ಣನ್ನು ಒಪ್ಪಿದ್ದರು. ಖರ್ಜೂರದ ಕೊಯ್ಲು ಮುಗಿದ ಕೂಡಲೇ ಮದುವೆ. ಕೊಯ್ಲು ಹತ್ತಿರ ಬಂದು, ಮರಗಳಲ್ಲಿ ಗೊನೆಗಳಿಗೆ ಆಗಲೇ ಬಲೆ ಹೊದಿಸಿಯಾಗಿತ್ತು.

"ಇಳಿಹೊತ್ತಿನ ಅಸರ್ ನಮಾಜಿನೊಳಗೆ ಅದರ ತಲೆ ನನ್ನ ಕೈಗೆ ಬರಬೇಕು," ಎಂದರು ಹಾಜಿಯವರು, ಬೆಂಚಿನಿಂದ ಇಳಿಯದೆಯೇ. "ಶೆಡ್ಲೀನ ಕರೀರಿ. ಹಗ್ಗ ತಗೊಂಡು ಬರೋಕೆ ಹೇಳಿ."

ಶೆಡ್ಲಿ ಸಾಲ್ಹಾಳ ಸೋದರಮಾವ. ಹಾಜಿಯವರ ತಂದೆಯ ಕಾಲದಿಂದ ಆ ತೋಟದಲ್ಲಿ ಉಡದ ಆಟ ಆಡಿಸುತ್ತಿದ್ದವನು ಅವನೇ. ಜೀಪುಗಳಲ್ಲಿ ಬರುವ ಪರದೇಶದವರನ್ನು ಸುತ್ತ ನಿಲ್ಲಿಸಿ, ಉಡದ ಸೊಂಟಕ್ಕೆ ಹಗ್ಗ ಬಿಗಿದು, ಬಾಯಿಗೆ ಒಂದು ಚಿಟಿಕೆ ನಶ್ಯ ತುರುಕಿ, ಖರ್ಜೂರದ ಗರಿಯ ದಿಂಡಿನಿಂದ ತಿವಿಯುತ್ತಿದ್ದ. ಅದು ಬುಸುಗುಟ್ಟಿ ಬಾಲ ಬೀಸುತ್ತಿತ್ತು, ಹೆಂಗಸರು ಕಿರುಚುತ್ತಿದ್ದರು, ಗಂಡಸರು ಫೋಟೋ ಹೊಡೆಯುತ್ತಿದ್ದರು. ಒಂದು ಉಡ ಒಂದು ಹಂಗಾಮು ಬಾಳಿದರೆ ಹೆಚ್ಚು. ಸತ್ತದ್ದರ ತಲೆ ಬೇರು, ಧೂಪ, ತಾಯಿತ ಮಾರುವ ಅತ್ತಾರನ ಅಂಗಡಿಗೆ ಹೋಗುತ್ತಿತ್ತು. ಶೆಡ್ಲಿ ಉಪ್ಪುಬಯಲಿನ ಅಂಚಿಗೆ ಹೋಗಿ ಹೊಸದೊಂದನ್ನು ಹಿಡಿದು ತರುತ್ತಿದ್ದ. ಅವನು ಕೆಟ್ಟವನೇನಲ್ಲ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ, ಅದು ಕಸುಬು ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ಕಳೆದ ವರ್ಷ ಅವನು ತಂದ ಉಡ ತಂತಿಬೇಲಿಗೆ ಮುಖ ಉಜ್ಜಿ ಉಜ್ಜಿ ಮೂಗಿನ ಚರ್ಮವನ್ನೆಲ್ಲ ಕಿತ್ತುಕೊಂಡಿತ್ತು. ಸಾಲ್ಹಾ ನೋಡಿದಳು, ಹಾಜಿಯವರ ಹತ್ತಿರ ಹೋದಳು, "ಈ ಸಲದ್ದು ನನಗೆ ಬಿಡಿ. ಇಲ್ದಿದ್ರೆ ನಾಳೆಯಿಂದ ನರಿಗಳ ಗೂಡು ನೀವೇ ತೊಳ್ಕೊಳ್ಳಿ," ಎಂದಳು. ಆ ಮರಳುನರಿಗಳ ಗೂಡಿನ ನಾತ ಗೊತ್ತಿದ್ದ ಹಾಜಿಯವರು ಬಿಟ್ಟುಕೊಟ್ಟರು. ಒಂಟೆಯ ಕಾಲು ನೋಡಲು ಗಾಬಿಸ್ ಪಟ್ಟಣದಿಂದ ಬರುತ್ತಿದ್ದ ಡಾಕ್ಟರಮ್ಮನನ್ನು ಸಾಲ್ಹಾ ಕಾಡಿ ಬೇಡಿ ಕೇಳಿದಳು. ಆಕೆ ಹೇಳಿದ್ದು ಬಹಳ ಸರಳ. ಉಡಕ್ಕೆ ಊಟ ಹಾಕಿದರೆ ಸಾಲದು, ಊಟ ಹುಡುಕುವ ಕೆಲಸವನ್ನೂ ಕೊಡಬೇಕು. ಹಿಡಿದು ಎಳೆದರೆ ಅದು ಏನನ್ನೂ ಕಲಿಯುವುದಿಲ್ಲ; ತಾನಾಗಿ ಬಂದಾಗ ಕೂಲಿ ಕೊಟ್ಟರೆ ಎಲ್ಲವನ್ನೂ ಕಲಿಯುತ್ತದೆ.

ಅಲ್ಲಿಂದ ಸಾಲ್ಹಾಳಿಗೆ ಅದೇ ಹುಚ್ಚು ಹಿಡಿಯಿತು. ಮರಳಿನಲ್ಲಿ ಕೋಳಿಮೊಟ್ಟೆ ಹೂಳುವುದು, ಒಡೆದ ಹೂಜಿಯೊಳಗೆ ಮಿಡತೆ ತುಂಬಿ ಬಾಯಿಗೆ ಹುಲ್ಲು ತುರುಕಿಡುವುದು, ಹಾವಿನ ಪೊರೆಯನ್ನು ನೆಲಕ್ಕೆ ಉಜ್ಜುತ್ತ ಹೋಗಿ ವಾಸನೆಯ ದಾರಿ ಮಾಡುವುದು. "ಹೊಸ ಸೊಸೆಗೂ ಇಷ್ಟು ಉಪಚಾರ ಇಲ್ಲವಲ್ಲೇ," ಎಂದು ಬೀದಿಯ ಹೆಂಗಸರು ಕಿಚಾಯಿಸಿದರು. "ಸೊಸೆ ಇವಳಷ್ಟು ಬುದ್ಧಿವಂತೆ ಆಗಿದ್ರೆ ಮಾಡ್ತಿದ್ದೆ," ಎಂದಳು ಸಾಲ್ಹಾ. ಲಲ್ಲಾಳ ಮೂಗು ಮಾಯಿತು. ತಾನಾಗಿ ತಕ್ಕಡಿಯ ಮೇಲೆ ಹತ್ತಿ ಕೂರಲು ಕಲಿಯಿತು, ಉಗುರು ಕತ್ತರಿಸಲು ಇಟ್ಟಿಗೆಯ ಮೇಲೆ ಕಾಲಿಡಲು ಕಲಿಯಿತು, ಪೆಟ್ಟಿಗೆಯೊಳಗೆ ನಡೆದುಹೋಗಿ ತಿರುಗಿ ಕೂರಲು ಕಲಿಯಿತು. ಹಿಂದೆ ಒಂದು ಉಡವನ್ನು ಪೆಟ್ಟಿಗೆಗೆ ತುಂಬಬೇಕಾದರೆ ಗೋಣಿಚೀಲ ಹಿಡಿದ ಗಂಡಸರ ದಂಡೇ ಬೇಕಿತ್ತು.

ಒಂದು ತಪ್ಪಾಯಿತು. ಕೋಲಿನ ತುದಿಗೆ ಎದ್ದು ಕಾಣುವ ಬಣ್ಣದ್ದೇನಾದರೂ ಕಟ್ಟು ಎಂದಿದ್ದರು ಡಾಕ್ಟರಮ್ಮ. ಸಾಲ್ಹಾ ಮನೆಯಲ್ಲಿ ಹುಡುಕಾಡಿ, ತೀರಿಕೊಂಡ ಅಪ್ಪನ ಹಳೆಯ ಕೆಂಪು ಶಾಶಿಯಾ ಟೋಪಿಯನ್ನು ಕತ್ತರಿಸಿ, ಒಂಟೆಯ ಕೂದಲು ತುಂಬಿ ಉಂಡೆ ಹೊಲಿದಳು. ನಮ್ಮ ಸೀಮೆಯಲ್ಲಿ ಸ್ವಲ್ಪ ವಯಸ್ಸಾದ ಪ್ರತಿ ಗಂಡಸಿನ ತಲೆಯ ಮೇಲೂ ಅದೇ ಕೆಂಪು, ಅದೇ ಉಣ್ಣೆ, ಅದೇ ಎಣ್ಣೆಬೆವರಿನ ವಾಸನೆ ಇರುತ್ತದೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಡಾಕ್ಟರಮ್ಮನಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಆ ಟೋಪಿಗಳ ನಡುವೆಯೇ ಬೆಳೆದ ನಮಗ್ಯಾರಿಗೂ ಹೊಳೆಯಲಿಲ್ಲ.

ಶೆಡ್ಲಿ ಬರುವ ಹೊತ್ತಿಗೆ ಸುದ್ದಿ ಕಾಫಿ ಅಂಗಡಿಗಳನ್ನೆಲ್ಲ ಸುತ್ತಿ ಬಂದಾಗಿತ್ತು. ಅಂಗಳದ ತುಂಬ ಗಂಡಸರು. ಹಾಜಿಯವರು ಕುರ್ಚಿಯ ಮೇಲೆ ದಿಂಬು ಹಾಕಿಸಿಕೊಂಡು ಕುಳಿತಿದ್ದರು. ಸಾಲ್ಹಾ ಬೇಲಿಯೊಳಗೆ, ಲಲ್ಲಾಳ ಬಿಲದ ಬಾಯಿಯ ಎದುರು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು. ಶೆಡ್ಲಿ ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡು, ಗರಿಯ ದಿಂಡು ಹಿಡಿದು ಬಾಗಿಲು ತಳ್ಳಿ ಒಳಗೆ ಬಂದ.

"ಎದ್ದೇಳು ಮಗಳೇ."

"ಏಳಲ್ಲ ಮಾವ."

"ಊರೆಲ್ಲ ನೋಡ್ತಿದೆ. ಮರ್ಯಾದೆಯಾಗಿ ಎದ್ದೇಳು."

"ನೋಡ್ಲಿ. ದಿನಾ ಟಿಕೆಟ್ಟು ತಗೊಂಡು ನೋಡ್ತಾರೆ, ಇವತ್ತು ಪುಕ್ಕಟೆ."

"ಒಂದು ಉಡಕ್ಕೋಸ್ಕರ ರೊಟ್ಟಿ ಕೊಡೋ ಮನೆ ಎದುರು ಹಾಕ್ಕೊಳ್ತೀಯಾ?"

"ಅವರು ಕೊಡೋದು ಕೂಲಿ ಮಾವ. ರೊಟ್ಟಿ ನಾನೇ ಸುಟ್ಕೊಳ್ತೀನಿ."

ಗಂಡಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹಾಜಿಯವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, "ಶೆಡ್ಲಿ, ಅವಳ ಜೊತೆ ಏನು ಮಾತು? ಕೆಲಸ ನೋಡು," ಎಂದರು.

ಸಾಲ್ಹಾ ಕುಳಿತಲ್ಲಿಂದಲೇ ಗಂಟಲೆತ್ತಿದಳು. "ಹಾಜಿ, ನೀವು ಒದ್ರಿ, ಅವಳು ತಿರುಗಿಸಿ ಹೊಡೆದ್ಲು. ಲೆಕ್ಕ ಚುಕ್ತಾ ಆಯ್ತು. ಬಾಲ ತಾಗಿದ್ರೆ ಏನೋ ಹೋಗುತ್ತೆ ಅಂತೀರಲ್ಲ, ಮೊದಮೊದಲು ನಾನು ದಿನಾ ಹೊಡೆಸ್ಕೊಂಡಿದೀನಿ. ನನಗೇನು ಹೋಯ್ತು?"

"ನಿನಗೇನಿತ್ತು ಹೋಗೋಕೆ!" ಎಂದಿತು ಗುಂಪಿನಿಂದೊಂದು ದನಿ. ದೊಡ್ಡ ನಗು ಎದ್ದಿತು.

"ಆ ಹಿಂದೆ ಅಡಗಿ ನಿಂತಿರೋನಿಗಿಂತ ಜಾಸ್ತೀನೇ ಇದೆ. ಧೈರ್ಯ ಇದ್ರೆ ಬೇಲಿ ಒಳಗೆ ಬಾ, ನೋಡೋಣ."

ಯಾರೂ ಬರಲಿಲ್ಲ. ಶೆಡ್ಲಿ ನಿಟ್ಟುಸಿರು ಬಿಟ್ಟ. "ಹಿಡಿದ್ರೆ ಉಡದ ಪಟ್ಟೇ ನಿಂದು, ನಿಮ್ಮಮ್ಮನ ಥರಾನೇ," ಎಂದು ಗೊಣಗಿಕೊಂಡ. ಹಗ್ಗದ ತುದಿಗೆ ಕುಣಿಕೆ ಹಾಕಿದ. ಆಮೇಲೆ, ಸಾಲ್ಹಾ ಸ್ವಲ್ಪವೂ ಎಣಿಸಿರದಿದ್ದ ಒಂದು ಕೆಲಸ ಮಾಡಿದ. ತಲೆಯ ಮೇಲಿನ ಕೆಂಪು ಟೋಪಿಯನ್ನು ತೆಗೆದು ದಿಂಡಿನ ತುದಿಗೆ ಸಿಕ್ಕಿಸಿ, ಅವಳ ಪಕ್ಕದಿಂದ ಬಿಲದ ಬಾಯಿಯ ಹತ್ತಿರಕ್ಕೆ ಚಾಚಿದ. ಬೆಳಗಿನ ಕಥೆಯನ್ನು ಕಾಫಿ ಅಂಗಡಿಯಲ್ಲಿ ಅವನೂ ಕೇಳಿದ್ದ. ಜೀವಮಾನವಿಡೀ ಉಡ ಹಿಡಿದವನು, ಅಷ್ಟು ಅರ್ಥವಾಗದೆ ಇರುತ್ತದೆಯೇ?

ಲಲ್ಲಾ ಹೊರಗೆ ಬಂತು.

ಹೆದರಿಕೆಯಿಲ್ಲದೆ, ಅವಸರವಿಲ್ಲದೆ ಬಂತು. ಅದು ಸಾಲ್ಹಾಳ ಕಾಲನ್ನು ಬಳಸಿಕೊಂಡು ಟೋಪಿಯ ಕಡೆಗೆ ನಡೆಯಿತು. ಬೆಳಗಿನಿಂದ ಹಾಜಿಯವರ ಮೇಲೆ, ಊರಿನ ಮೇಲೆ, ಮಾವನ ಹಗ್ಗದ ಮೇಲೆ ಸಿಟ್ಟಾಗಿದ್ದವಳಿಗೆ ಈಗ ತನ್ನ ಮೇಲೆಯೇ ಸಿಟ್ಟು ಬಂತು. ಹಿಂದಿನ ಉಡಗಳನ್ನು ಹಿಡಿಯಬೇಕಾದರೆ ಶೆಡ್ಲಿಯ ಕೈಯಲ್ಲಿ ರಕ್ತ ಬರುತ್ತಿತ್ತು. ಅವು ಕಚ್ಚುತ್ತಿದ್ದವು, ಪರಚುತ್ತಿದ್ದವು, ಬಿಲದ ಗೋಡೆಗೆ ಉಗುರು ಊರಿ ಅಲುಗದೆ ನಿಲ್ಲುತ್ತಿದ್ದವು. ಇದಕ್ಕೆ ಅದ್ಯಾವುದೂ ಬೇಡವೆಂದು ಕಲಿಸಿದವಳು ತಾನೇ. ಕೆಂಪು ಟೋಪಿ ತೊಟ್ಟ ಯಾವನು ಕರೆದರೂ ಕತ್ತು ಚಾಚಿಕೊಂಡು ಹೋಗುವ ಹಾಗೆ ಮಾಡಿಟ್ಟವಳೂ ತಾನೇ.

ಒಂದು ಕ್ಷಣ, ಕಾಲು ಅಪ್ಪಳಿಸಿ ಕಿರುಚಿ ಅದನ್ನು ಬಿಲದೊಳಗೆ ಓಡಿಸಿಬಿಡಲೇ ಎನ್ನಿಸಿತು. ಹಾಗೆ ಮಾಡಿದರೆ ಅದು ಇನ್ನು ಯಾರನ್ನೂ ನಂಬುವುದಿಲ್ಲ, ಅವಳನ್ನೂ ನಂಬುವುದಿಲ್ಲ. ಅವಳು ಎತ್ತಿದ ಕಾಲನ್ನು ಇಳಿಸಿದಳು.

ಲಲ್ಲಾ ಶೆಡ್ಲಿಯ ಟೋಪಿಗೆ ಮೂಗು ತಾಗಿಸಿ, ತಲೆಯೆತ್ತಿ ಕಾದು ನಿಂತಿತು. ಶೆಡ್ಲಿಯ ಎಡಗೈಯ ಕುಣಿಕೆ ಅದರ ಕತ್ತಿನ ಮೇಲೆ ಇಳಿಯುತ್ತಿತ್ತು. ಸಾಲ್ಹಾ ಡಬ್ಬಿಯಿಂದ ಮಾಂಸದ ಚೂರು ತೆಗೆದು, ಮಾವನ ಕೈಯ ಕೆಳಗಿನಿಂದಲೇ ಕೈ ಚಾಚಿ, ಅದರ ಬಾಯಿಗಿಟ್ಟಳು. ಅದು ಅವಳ ಬೆರಳುಗಳ ನಡುವಿನಿಂದ ಮೆಲ್ಲಗೆ ಮಾಂಸ ಬಿಡಿಸಿಕೊಂಡು ನುಂಗಿತು.

ಶೆಡ್ಲಿಯ ಕೈ ನಿಂತುಬಿಟ್ಟಿತು.

"ಏನೇ ಮಾಡ್ತಿದೀಯ?" ಎಂದ, ದನಿ ತಗ್ಗಿಸಿ.

"ಅವಳು ಕೆಲಸ ಮಾಡಿದ್ಲು. ಕೂಲಿ ಕೊಟ್ಟೆ. ನೀನು ಕರೆದೆ ಅಂತ ಬಂದ್ಲು ಮಾವ. ಹಗ್ಗ ಇಲ್ದೆ ಒಂದು ಉಡ ನಿನ್ನ ಹತ್ರ ತಾನಾಗಿ ಬಂದಿದ್ದು ಯಾವತ್ತಾದ್ರೂ ಇದೆಯಾ?"

ಕುಣಿಕೆ ಶೆಡ್ಲಿಯ ಬೆರಳಿನಲ್ಲಿ ಜೋಲಾಡುತ್ತಿತ್ತು. ಉಡ ಅವನ ಟೋಪಿಯನ್ನು ಇನ್ನೊಮ್ಮೆ ಮೂಗಿನಿಂದ ಮುಟ್ಟಿ, ಅವನ ಮುಖವನ್ನೇ ನೋಡಿತು. ಅಷ್ಟು ಹೊತ್ತು ಸಾಲ್ಹಾಳಿಗೆ ಸಾಕಾಯಿತು. ಅವಳು ತನ್ನ ಕೋಲನ್ನು ಇಳಿಸಿ, ಬೇಲಿಯ ಬಾಗಿಲನ್ನು ಒದ್ದು ತೆರೆದು, ಅಂಗಳಕ್ಕೆ ನಡೆದಳು. ಲಲ್ಲಾ ಅವಳ ಹಿಂದೆ ಹೊರಟಿತು.

ಅಂಗಳದಲ್ಲಿ ಆಮೇಲೆ ನಡೆದದ್ದನ್ನು ನಮ್ಮೂರಿನ ಹೆಂಗಸರು ಇಂದಿಗೂ ಸೆರಗು ಬಾಯಿಗಿಟ್ಟುಕೊಂಡೇ ಹೇಳುತ್ತಾರೆ. "ದಾರಿ ಬಿಡಿ! ಬಾಲ ಬರ್ತಿದೆ, ಬಾಲ!" ಎಂದು ಕೂಗುತ್ತ ಸಾಲ್ಹಾ ಗುಂಪಿನ ನಟ್ಟನಡುವೆಯೇ ಹೋದಳು. ಗುಂಪು ಹರಿದು ಚೆಲ್ಲಾಪಿಲ್ಲಿಯಾಯಿತು. ಕೆಲವರು ಬೆಂಚು ಹತ್ತಿದರು, ಕೆಲವರು ಟೋಪಿ ಕಿತ್ತು ಅಂಗಿಯೊಳಗೆ ತುರುಕಿಕೊಂಡರು. ಅದನ್ನು ತಲೆಯ ಮೇಲಿಡಲೂ ಭಯ, ಸೊಂಟದ ಹತ್ತಿರ ಹಿಡಿಯಲು ಇನ್ನೂ ಭಯ. ಮೇಷ್ಟರು ಪುಸ್ತಕದ ಚೀಲ ಅಡ್ಡ ಹಿಡಿದುಕೊಂಡು ಗೋಡೆಗೆ ಅಂಟಿದರು. ಹೆಣ್ಣಿನ ಅಣ್ಣತಮ್ಮಂದಿರು ಈ ಸಲ ನಗುವನ್ನು ತಡೆದುಕೊಳ್ಳಲಿಲ್ಲ. ಲಲ್ಲಾ ಯಾರ ಕಡೆಗೂ ನೋಡದೆ, ಕೆಂಪು ಉಂಡೆಯ ಮೇಲೆ ಕಣ್ಣು ನೆಟ್ಟು, ಮರಳಿನ ಮೇಲೆ ಬಾಲದ ಗೆರೆ ಎಳೆಯುತ್ತ ನಡೆಯಿತು. ಗೇಟಿನ ಪಕ್ಕದಲ್ಲಿ ಮೇವು ತರುವ ಕತ್ತೆಗಾಡಿ, ಅದರ ಕೆಳಗೆ ದಿನಾ ಅಭ್ಯಾಸ ಮಾಡಿಸುತ್ತಿದ್ದ ಪೆಟ್ಟಿಗೆ. ಲಲ್ಲಾ ಒಳಗೆ ಹೋಗಿ, ತಿರುಗಿ ಕುಳಿತು, ಮಾಂಸ ಕೇಳಿತು. ಸಾಲ್ಹಾ ಡಬ್ಬಿಯಲ್ಲಿದ್ದದ್ದನ್ನೆಲ್ಲ ಕೊಟ್ಟು ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಗಾಡಿಗೆ ಎತ್ತಿಟ್ಟಳು.

"ಆ ಗೇಟು ದಾಟಿದ್ರೆ ಮತ್ತೆ ಒಳಗೆ ಕಾಲಿಡಬೇಡ!" ಎಂದು ಹಾಜಿಯವರು ಕುರ್ಚಿಯಿಂದೆದ್ದು ಅಬ್ಬರಿಸಿದರು. "ಅದು ನನ್ನ ಪ್ರಾಣಿ. ಪೊಲೀಸರನ್ನ ಕರೆಸ್ತೀನಿ!"

"ಕರೆಸಿ ಹಾಜಿ. ಅರಣ್ಯದವರನ್ನೂ ಕರೆಸಿ. ಉಡ ಹಿಡಿಯೋದಕ್ಕೆ, ಇಟ್ಕೊಳ್ಳೋದಕ್ಕೆ ಪರವಾನಗಿ ಕಾಗದ ಯಾರ ಹೆಸರಲ್ಲಿದೆ ಅಂತ ಕೇಳ್ತಾರೆ, ಆಗ ತೋರಿಸಿ."

ಹಾಜಿಯವರು ಮತ್ತೆ ದಿಂಬಿನ ಮೇಲೆ ಕುಳಿತರು. ಸಾಲ್ಹಾ ಕತ್ತೆಯ ಬೆನ್ನಿಗೊಂದು ಏಟು ಕೊಟ್ಟು ಗಾಡಿ ಹೊಡೆದಳು.

ಅವಳ ಮನೆ ಹಳೆಯ ಪೇಟೆಯ ಇಟ್ಟಿಗೆಯ ಓಣಿಯಲ್ಲಿತ್ತು. ಅಂಗಳದ ಒಂದು ಮೂಲೆಯಲ್ಲಿ ತಾಯಿಯ ಕಾಲದ ಮಗ್ಗ. ಪೆಟ್ಟಿಗೆ ತೆರೆದ ಕೂಡಲೇ ಲಲ್ಲಾ ಹೋಗಿ ಅದರ ಕೆಳಗೆ ಸೇರಿಕೊಂಡಿತು. ಹೊಸ ಜಾಗ, ಹೊಸ ವಾಸನೆ. ಮೊಟ್ಟೆ ಇಟ್ಟರೂ ತಿನ್ನಲಿಲ್ಲ, ಕೆಂಪು ಉಂಡೆ ತೋರಿಸಿದರೆ ಮಾತ್ರ ಹೊರಗೆ ಬರುವ ಹಾಗೆ ತಲೆ ಮುಂದೆ ಮಾಡಿತು. ಸಾಲ್ಹಾ ಉಂಡೆಯನ್ನು ಕೋಲಿನಿಂದ ಕಿತ್ತು, ಒಲೆಯ ಬೆಂಕಿಗೆ ಹಾಕಿದಳು. ಸುಟ್ಟ ಉಣ್ಣೆಯ ವಾಸನೆ ಮನೆಯೆಲ್ಲ ತುಂಬಿತು. ಅಪ್ಪನ ಟೋಪಿಯಲ್ಲಿ ಉಳಿದಿದ್ದದ್ದು ಅಷ್ಟೇ. ಅವಳಿಗೆ ಅಳು ಬಂತು, ಅಳುತ್ತಲೇ ಬೇರೆ ಬಣ್ಣ ಹುಡುಕಿದಳು. ಬಿಳಿ ಎಂದರೆ ಮುಂಡಾಸು, ಕಪ್ಪು ಎಂದರೆ ಹೆಂಗಸರ ಹೊದಿಕೆ, ನೀಲಿ ಎಂದರೆ ಪೊಲೀಸರು. ಕೊನೆಗೆ ಎಣ್ಣೆಯ ಕ್ಯಾನಿನ ಹಳದಿ ಮುಚ್ಚಳ ಕಣ್ಣಿಗೆ ಬಿತ್ತು. ಆ ಹಳದಿ ನಮ್ಮೂರಿನಲ್ಲಿ ಯಾರ ತಲೆಯ ಮೇಲೂ ಇರಲಿಲ್ಲ. ಅದಕ್ಕೆ ತೂತು ಮಾಡಿ ಕೋಲಿನ ತುದಿಗೆ ಮೊಳೆ ಹೊಡೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

"ನಾನು. ಶೆಡ್ಲಿ."

"ಹಗ್ಗ ಇದೆಯಾ ಕೈಯಲ್ಲಿ?"

"ಇಲ್ಲ."

"ಟೋಪಿ?"

"ಟೋಪಿ ಇಲ್ದೆ ಬೀದೀಲಿ ಬರ್ತಾರೇನೇ?"

"ಹಾಗಾದ್ರೆ ಆಚೆ ಇಟ್ಟು ಬಾ."

ಬೇಲಿಯೊಳಗೆ ಟೋಪಿ ತೆಗೆದ ಆ ಗಳಿಗೆಯವರೆಗೆ ಶೆಡ್ಲಿಯನ್ನು ಅವನ ಹೆಂಡತಿ ಬಿಟ್ಟು ಬೇರೆ ಹೆಂಗಸರು ಬರಿತಲೆಯಲ್ಲಿ ನೋಡಿರಲಿಲ್ಲ. ಸಾಲ್ಹಾ ಕದ ತೆಗೆದಾಗ ಅವನು ನೆತ್ತಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಒಳಗೆ ಬಂದು, ಮಗ್ಗದಿಂದ ದೂರಕ್ಕೆ, ಗೋಡೆಗೊರಗಿ ಕುಳಿತುಕೊಂಡಾಗ ಮಂಡಿಗಳು ಲಟಲಟ ಎಂದವು.

"ಹಾಜಿ ಕಾಯ್ತಿದಾರೆ," ಎಂದ. "ತಲೆ ತರ್ತೀನಿ ಅಂತ ಹೇಳಿ ಬಂದಿದೀನಿ. ಹೆದರ್ಕೋಬೇಡ, ನಾನು ಯೋಚನೆ ಮಾಡಿದೀನಿ. ಅತ್ತಾರನ ಅಂಗಡೀಲಿ ಹಳೇ ತಲೆಗಳು ಬೇಕಾದಷ್ಟಿವೆ. ಒಂದನ್ನ ತಗೊಂಡು ಹೋಗಿ ಅವರ ಕೈಗಿಡ್ತೀನಿ. ಹೂಳ್ಕೊಳ್ಳಲಿ, ಮದುವೆ ಆಗ್ಲಿ, ಎಲ್ಲ ಸರಿ ಹೋಗುತ್ತೆ. ಸ್ವಲ್ಪ ದಿನ ಬಿಟ್ಟು ನೀನು ಹೋಗಿ ಒಂದು ಮಾತು ಕ್ಷಮೆ ಕೇಳು, ಕೆಲಸಾನೂ ಸಿಗುತ್ತೆ."

ಅದು ಒಳ್ಳೆಯ ಉಪಾಯವೇ. ನಮ್ಮಲ್ಲಿ ಬೇರೆ ಯಾರಾದರೂ ಆಗಿದ್ದರೆ ಮಾವನ ಕೈಗೆ ಮುತ್ತಿಟ್ಟು ಚಹಾಕ್ಕೆ ನೀರಿಡುತ್ತಿದ್ದರು. ಸಾಲ್ಹಾ ಮೊಳೆಯ ಮೇಲೆ ಇನ್ನೊಂದು ಏಟು ಹಾಕಿದಳು.

"ಬೇಡ."

"ಯಾಕೆ? ಇದು ಬದುಕುತ್ತಲ್ಲ!"

"ಇದು ಬದುಕುತ್ತೆ. ಅವರಿಗೆ ಮಗು ಆಯ್ತು ಅಂದ್ಕೋ, ಉಡದ ತಲೆಯಿಂದ ಆಯ್ತು ಅಂತಾರೆ. ಆಮೇಲೆ ಊರಲ್ಲಿ ಎಷ್ಟು ಮದುವೆ, ಅಷ್ಟು ತಲೆ. ಹಿಡಿದು ತರೋನು ನೀನೇ. ಬೇಡ ಮಾವ. ತಲೆ ಇಲ್ದೇನೇ ಮದುವೆ ಆಗ್ಲಿ. ಬಾಲ ತಾಗಿದ ಗಂಡಸಿಗೆ ಏನಾಗುತ್ತೆ ಅಂತ ಊರು ಒಂದ್ಸಲ ನೋಡ್ಲಿ."

"ಮತ್ತೆ ಅವರಿಗೆ ನಾನೇನು ಹೇಳ್ಲಿ?"

"ಸಾಲ್ಹಾ ಕೊಡಲ್ಲ ಅಂದ್ಲು ಅಂತ ಹೇಳು. ಬೇಕಿದ್ರೆ ಅವರೇ ಬರಲಿ. ಬರೋವಾಗ ಆ ಹೆಣ್ಣನ್ನೂ ಕರ್ಕೊಂಡು ಬರಲಿ, ಅವಳ ಜೊತೆ ನಾನು ಮಾತಾಡ್ತೀನಿ."

ಶೆಡ್ಲಿ ಬಾಯಿ ತೆರೆದು ನಗಲು ಹೋಗಿ, ಕೆಮ್ಮಿದ. ಅಷ್ಟರಲ್ಲಿ ಸಾಲ್ಹಾ ಮೊಳೆ ಹೊಡೆದು ಮುಗಿಸಿ, ಎಡಗೈಯಲ್ಲಿ ಮಾಂಸ ಹಿಡಿದು, ಮಗ್ಗದ ಎದುರು ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಹಳದಿ ಮುಚ್ಚಳವನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು ಸುಮ್ಮನಾದಳು. ಕತ್ತಲಿನ ಒಳಗೆ ಎರಡು ಕಣ್ಣು ಹೊಳೆಯುತ್ತಿದ್ದವು. ಲಲ್ಲಾ ನೋಡಿತು. ಬರಲಿಲ್ಲ.

"ಹಳದಿ ಅದಕ್ಕೆ ಗೊತ್ತಿಲ್ಲ," ಎಂದ ಶೆಡ್ಲಿ.

"ಕೆಂಪೂ ಗೊತ್ತಿರಲಿಲ್ಲ."

"ಎಷ್ಟು ಹೊತ್ತು ಹೀಗೆ ಕೂರ್ತೀಯ?"

"ಅವಳು ಬರೋವರೆಗೆ."

"ಬರದಿದ್ರೆ?"

"ಅವಳಿಷ್ಟ. ನಾಳೆ ಮತ್ತೆ ಕೂರೋದು."

ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಬೆಳಗಿನಿಂದ ಏನೂ ತಿನ್ನದ ಸಾಲ್ಹಾಳ ತೋಳು ಸಣ್ಣಗೆ ನಡುಗತೊಡಗಿತು. ಹಳದಿ ಮುಚ್ಚಳವೂ ನಡುಗಿತು. ಮಗ್ಗದ ಕೆಳಗಿನ ಕಣ್ಣುಗಳು ಒಂದು ಅಂಗುಲ ಹಿಂದೆ ಸರಿದವು. ಅವಳು ಹಲ್ಲು ಕಚ್ಚಿ ಹಿಡಿದಳು. ಶೆಡ್ಲಿ ಅದನ್ನು ನೋಡುತ್ತ ಇನ್ನಷ್ಟು ಹೊತ್ತು ಗೋಡೆಗೊರಗಿ ಕುಳಿತಿದ್ದ. ಕೊನೆಗೆ ತೆವಳಿಕೊಂಡೇ ಹತ್ತಿರ ಬಂದ.

"ಕೊಡು ಇಲ್ಲಿ," ಎಂದು ಪಿಸುಗುಟ್ಟಿದ. "ಕೋಲು ಅಲ್ಲಾಡಿದ್ರೆ ಅದು ಹೆದರುತ್ತೆ. ಅಷ್ಟೂ ಗೊತ್ತಿಲ್ವಾ?"

ಸಾಲ್ಹಾ ಅವನ ಮುಖ ನೋಡಿದಳು. ಕೋಲು ಕೊಟ್ಟಳು. ಮಾಂಸವನ್ನು ಅವನ ಇನ್ನೊಂದು ಅಂಗೈಯಲ್ಲಿಟ್ಟಳು.

ಹೊರಗೆ ಯಾರೋ ಕದ ಬಡಿದರು. "ಶೆಡ್ಲಿ! ಒಳಗಿದೀಯಾ? ಹಾಜಿ ಕೇಳ್ತಿದಾರೆ!" ಮತ್ತೆ ಬಡಿದರು, ಈ ಸಲ ಮುಷ್ಟಿಯಿಂದ. ಶೆಡ್ಲಿ ತಿರುಗಿ ನೋಡಲಿಲ್ಲ. ಮಗ್ಗದ ಕೆಳಗಿನ ಕತ್ತಲಿನಿಂದ ಸೀಳುನಾಲಿಗೆಯೊಂದು ಹೊರಗೆ ಬಂದು, ಗಾಳಿಯನ್ನು ಸವರಿ, ಒಳಗೆ ಹೋಯಿತು. ಮುದುಕನ ಕೈಯಲ್ಲಿ ಕೋಲು ಅಲುಗಲಿಲ್ಲ.